ಹೆಸರು ಗುಟ್ಟಾಗಿರಲಿ, ವಿಳಾಸ ಯಾಕೆ ಗುಟ್ಟು?

ನಮ್ಮ ಬಸ್ ಸ್ಟ್ಯಾಂಡುಗಳ ಗೋಡೆ ನೋಡಿದ್ದೀರಲ್ಲ? ಮೂಲವ್ಯಾಧಿ ಜಾಹೀರಾತಿನ ಪಕ್ಕದಲ್ಲೇ ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’ ಅಂತ ಒಂದು ಚೀಟಿ ಇದ್ದೇ ಇರುತ್ತದೆ. ಸಾರಿಗೆ ಹಾಕಿ, ಕಾಫಿಗೆ ಹಾಕಿ. ಭಾವನ ಕುಡಿತ ಬಿಡಿಸೋಕೆ ನಮ್ಮಕ್ಕ ಆ ಪುಡಿಗೆ ಅಂತ ದುಡ್ಡು ಕೂಡ ಎತ್ತಿಟ್ಟಿದ್ದಳು.

ಆ ಪುಡಿಯಲ್ಲಿ ಏನಿದೆಯೋ ಮಾರುವವನಿಗೇ ಗೊತ್ತು. ಡಾಕ್ಟರುಗಳು ಬರೆದುಕೊಡುವ ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ. ಅದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಇಳಿಯುತ್ತದೆ. ಒಮ್ಮೊಮ್ಮೆ ಜೀವಕ್ಕೇ ಕುತ್ತು. ಅದಕ್ಕೇ ಅದನ್ನು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡುತ್ತಾರೆ. ಕದ್ದುಮುಚ್ಚಿ ಸಾರಿಗೆ ಹಾಕುವ ವಸ್ತುವಲ್ಲ ಅದು.

ನನ್ನ ಸಿಟ್ಟು ಇರೋದು ಇಲ್ಲಿ. ಗೊತ್ತಾಗದಂತೆ ಬಿಡಿಸುವವರ ನಂಬರು ಗೋಡೆ ಗೋಡೆಯ ಮೇಲೂ ಇದೆ. ಕುಡಿತ ಬಿಟ್ಟವರು, ಬಿಡಬೇಕು ಅಂತಿರುವವರು ಒಟ್ಟಿಗೆ ಕೂತು ಮಾತಾಡುವ ಜಾಗದ ವಿಳಾಸ ಎಲ್ಲೂ ಕಾಣೋದಿಲ್ಲ.

ಹಾಗೆ ಕೂತು ಮಾತಾಡುವವರ ಗುಂಪು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹೊಸದೇನಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ ಮತ್ತೊಬ್ಬ ಸರ್ಜನ್, ಪರಸ್ಪರ ಮಾತಾಡಿಕೊಂಡೇ ಕುಡಿತ ಬಿಟ್ಟರು. ಶುರುವಾಗಿದ್ದು ಹಾಗೆ. ಭಾರತಕ್ಕೆ ಬಂದದ್ದು 1957ರಲ್ಲಿ. ಫೀಸಿಲ್ಲ, ಅರ್ಜಿ ಇಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಹೆಸರು ಹೊರಗೆ ಹೋಗಬಾರದು ಅನ್ನೋದು ಅವರ ನಿಯಮ, ಸರಿಯಾದದ್ದೇ. ಆದರೆ ಸದಸ್ಯರ ಹೆಸರು ಗುಟ್ಟಾಗಿದ್ದರೆ ಸಾಕಲ್ಲ, ಮೀಟಿಂಗಿನ ಜಾಗವೂ ಯಾಕೆ ಗುಟ್ಟಾಗಬೇಕು? ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಪಂಚಾಯ್ತಿ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ? 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಮಿಕ್ಕವರ ಮನೆಯವರು ಏನು ಮಾಡಬೇಕು? ಚೀಟಿಯ ನಂಬರಿಗೇ ಫೋನ್ ಮಾಡುತ್ತಾರೆ, ಅಲ್ವಾ?

ನಮಗೆ ಜಾಗ ಸಿಕ್ಕಿದ್ದು ಎಎಯ ವೆಬ್‌ಸೈಟಿನಲ್ಲಿದ್ದ ನಂಬರಿನಿಂದ. ಫೋನ್ ಎತ್ತಿದವರು ಮೊದಲು ಕೇಳಿದ್ದು, ‘ಕುಡಿಯೋದು ನೀವಾ, ಮನೆಯವರಾ?’ ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಅಂತ ಬೇರೆ ಬೇರೆ ಗುಂಪುಗಳಿವೆ, ಭಾಷೆ ಕೇಳಿಕೊಂಡೇ ಹೋಗಿ. ಓಪನ್ ಮೀಟಿಂಗಾ ಅಂತಲೂ ಕೇಳಿ. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗಷ್ಟೇ. ಹತ್ತಿರದಲ್ಲಿ ಗುಂಪಿಲ್ಲದಿದ್ದರೆ ಆನ್‌ಲೈನ್ ಮೀಟಿಂಗುಗಳೂ ಇವೆ.

ಚರ್ಚಿನ ಹಿಂದಿನ ಒಂದು ಕೋಣೆ ಅಂತ ಗೊತ್ತಾದ ಕೂಡಲೇ ಅಮ್ಮ ‘ಜಾತಿ ಕೆಡಿಸ್ತಾರೇನೋ’ ಅಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಕೋಣೆ ಚರ್ಚಿನದು, ಮೀಟಿಂಗ್ ಚರ್ಚಿನದಲ್ಲ. ದೇವರ ಮಾತು ಬರುತ್ತೆ ನಿಜ, ಆದರೆ ಯಾವ ದೇವರು ಅನ್ನೋದು ಅವರವರಿಗೆ ಬಿಟ್ಟದ್ದು. ಭಾವ ಅಲ್ಲೂ ಮಂಜುನಾಥನನ್ನೇ ನೆನೆಯುತ್ತಾರೆ.

ಓಪನ್ ಮೀಟಿಂಗಿಗೆ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಡ್ರಮ್ಮಿನಲ್ಲಿ ಟೀ, ಮೇರಿ ಬಿಸ್ಕೆಟ್. ಆಟೋ ಓಡಿಸುವವರ ಖಾಕಿ ಅಂಗಿಯ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ನಮ್ಮ ಕಡೆ ಇಷ್ಟು ಗಂಡಸರು ಒಂದು ಕೋಣೆಯಲ್ಲಿ ಸೇರಿ ಯಾರೂ ಯಾರಿಗೂ ಬುದ್ಧಿ ಹೇಳದೆ ಕೂತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ! ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಬಂತು, ಆದವರು ಹತ್ತೋ ಇಪ್ಪತ್ತೋ ಹಾಕಿದರು. ಅಲ್ಲಿ ಯಾರು ಏನು ಹೇಳಿದರು ಅಂತ ಬರೆಯೋದಿಲ್ಲ, ಅದು ಆ ಕೋಣೆಯ ಮಾತು.

ಹಳ್ಳಿ ಕಡೆಯವರಿಗೆ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳಿರುತ್ತೀರಿ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಇದೆ, ಅವರೂ ಆಗಾಗ ಸೇರುತ್ತಾರೆ. ಶಿಬಿರಕ್ಕಿಂತ ಆಮೇಲಿನ ಆ ಸೇರುವಿಕೆಯೇ ಮುಖ್ಯ ಅಂತ ನನ್ನ ಅಭಿಪ್ರಾಯ. ಬಿಡೋದು ಹೇಗೋ ಆಗುತ್ತೆ, ಬಿಟ್ಟ ಮೇಲಿನ ಸಂಜೆಗಳೇ ಕಷ್ಟ.

ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ ಕುಡಿಯುವ ಮಟ್ಟಕ್ಕೆ ಹೋದವರು ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಮೊದಲು ಡಾಕ್ಟರು, ಜೊತೆಗೆ ಮೀಟಿಂಗು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ದುಡ್ಡಿಲ್ಲದೆ ಮಾತಾಡಬಹುದು.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ. ಗಂಡ ಬಿಡಲಿ, ಬಿಡದಿರಲಿ, ಹೆಂಡತಿ ಹೋಗಬಹುದು. ಭಾವ ತಪ್ಪಿಸಿಕೊಂಡ ವಾರವೂ ಅಕ್ಕ ಹೋಗುತ್ತಾಳೆ. ಹಾಗೆ ಹೋಗೋದು ನೋಡಿಯೇ ಭಾವ ಮತ್ತೆ ಮೀಟಿಂಗಿಗೆ ಹೋಗೋಕೆ ಶುರು ಮಾಡಿದ್ದು ಅಂತ ನನ್ನ ಅನುಮಾನ. ಅಕ್ಕ ಒಪ್ಪೋದಿಲ್ಲ, ‘ನಾನು ಹೋಗೋದು ನನಗೋಸ್ಕರ ಕಣೋ’ ಅನ್ನುತ್ತಾಳೆ.

ಎಳೆದುಕೊಂಡು ಹೋಗಬೇಡಿ. ಕುಡಿದು ಬಂದ ರಾತ್ರಿ ಈ ಮಾತು ಎತ್ತಲೇಬೇಡಿ. ಮರುದಿನ ಬೆಳಿಗ್ಗೆ, ತಲೆನೋವಿನ ಜೊತೆ ಸ್ವಲ್ಪ ನಾಚಿಕೆಯೂ ಇರುವ ಹೊತ್ತಿನಲ್ಲಿ, ನಂಬರ್ ಬರೆದ ಚೀಟಿ ಕೊಡಿ. ಫೋನ್ ಅವರೇ ಮಾಡಲಿ.