ಬಿದ್ದ ಮನೆಗೆ, ಕಾದ ಶಾಲೆಗೆ ಪುಕ್ಕಟೆ ನಕ್ಷೆ ಬೇಕೇ?

ಮಳೆಗೆ ಬಿದ್ದ ಮನೆ ಎತ್ತಿ ಕಟ್ಟಲು, ಶಾಲೆ ಸುಧಾರಿಸಲು ಸ್ವಯಂಸೇವಕ ಆರ್ಕಿಟೆಕ್ಟ್‌ಗಳು ಬಂದರೆ ಚಿತ್ರದುರ್ಗ, ದಾವಣಗೆರೆ ಕಡೆಯ ಹಳ್ಳಿಗಳು ಅವರ ಕೈಗೆ ಕೆಲಸ ಕೊಡಬೇಕೇ?

ಪರ: ಚಳ್ಳಕೆರೆ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕ

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಜನ ತಂಡತಂಡವಾಗಿ ಆ ಅಣೆಕಟ್ಟೆ ಇರುವ ಮಾರಿಕಣಿವೆಗೆ ಹೋಗಿ ಕಣ್ತುಂಬ ನೀರು ನೋಡಿ ಬಂದರು. ಅದೇ ಮಳೆಗಾಲದಲ್ಲಿ ನಮ್ಮೂರಿನ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳು ಕುಸಿದವು. ಹಿಂದೆಲ್ಲ ಮುಂಗಾರಿಗೆ ಮುಂಚೆ ಮಾಳಿಗೆಗೆ ನೀರಿಳಿಯದಂತೆ ಕರ್ಲು ಮಣ್ಣು ಹಾಕಿ ತುಳಿಯುತ್ತಿದ್ದರು. ಈಗ ಮಕ್ಕಳು ಬೆಂಗಳೂರು ಸೇರಿದ್ದಾರೆ, ಮಣ್ಣು ಹೊರುವವರಿಲ್ಲ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಗೆದ್ದಲು ತಿಂದ ಜಂತೆ ಮುರಿಯುತ್ತದೆ.

ಪರಿಹಾರವೇನೋ ಬರುತ್ತದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ದುಡ್ಡಿನ ಜೊತೆ ‘ಕಿಟಕಿ ಈ ಕಡೆ ಇಡಿ, ಪಾಯ ಇಷ್ಟು ಎತ್ತರಿಸಿ’ ಎಂದು ಹೇಳುವವರು ಯಾರು? ಆರ್ಕಿಟೆಕ್ಟ್‌ಗೆ ಫೀಸು ಕೊಟ್ಟು ಮನೆ ಕಟ್ಟಿಸಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ.

ನಮ್ಮ ಶಾಲೆಗೆ ಸ್ವಯಂಸೇವಕಿಯಾಗಿ ಬಂದ ಆರ್ಕಿಟೆಕ್ಟ್ ಹುಡುಗಿ ಮೊದಲ ದಿನ ನಕ್ಷೆ ಬಿಡಿಸಲೇ ಇಲ್ಲ. ಮಕ್ಕಳ ಜೊತೆ ಕೊನೆಯ ಸಾಲಿನಲ್ಲಿ ಕೂತಳು. ಗಂಟೆಗೊಮ್ಮೆ ಎದ್ದು, ಬಿಸಿಲು ಬಿದ್ದ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಸಂಜೆ ಕರೆದು, “ಮೇಷ್ಟ್ರೇ, ಇಲ್ಲಿ ಕೂತು ಬೋರ್ಡು ನೋಡಿ” ಎಂದಳು. ಕೂತೆ. ಬೋರ್ಡಿನ ಅರ್ಧ ಬರೀ ಹೊಳಪು, ಅಕ್ಷರವೇ ಕಾಣಲಿಲ್ಲ. ಹದಿನಾರು ವರ್ಷ ಆ ಮೂಲೆಯ ಮಕ್ಕಳನ್ನು ‘ನೋಡಿಕೊಂಡು ಬರೆಯೋಕೂ ಬರಲ್ವಾ’ ಎಂದು ಗದರಿದ್ದೇನೆ. ಬೋರ್ಡು ಪಕ್ಕದ ಗೋಡೆಗೆ ಹೋಯಿತು. ಖರ್ಚಾದದ್ದು ಒಂದು ಡಬ್ಬ ಬಣ್ಣ.

2001ರ ಭೂಕಂಪದ ನಂತರ ಗುಜರಾತಿನ ಭುಜ್‌ನಲ್ಲಿ ಹುನ್ನರಶಾಲಾ ಸಂಸ್ಥೆ ಊರಿನ ಕುಶಲಕರ್ಮಿಗಳನ್ನೇ ಜೊತೆಗಿಟ್ಟುಕೊಂಡು ಮನೆ ಕಟ್ಟಿಸಿತು. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ ಆರ್ಕಿಟೆಕ್ಟ್ ಫ್ರಾನ್ಸಿಸ್ ಕೇರೆ ಮಣ್ಣಿನ ಇಟ್ಟಿಗೆಯ ಶಾಲೆ ಕಟ್ಟಿ, ತಗಡಿನ ಚಾವಣಿಯನ್ನು ಮೇಲೆತ್ತಿ ಬಿಸಿಗಾಳಿಗೆ ದಾರಿ ಬಿಟ್ಟರು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಆರ್‌ಸಿಸಿ ಕೊಠಡಿಯಲ್ಲಿ ಪಾಠ ಮಾಡಿದವರಿಗೆ ಆ ಚಾವಣಿಯ ಬೆಲೆ ಗೊತ್ತಾಗುತ್ತದೆ. ಅಂಥ ತಿಳಿವಳಿಕೆ ಬಾಗಿಲಿಗೆ ಬಂದರೆ ಬೇಡ ಎನ್ನಲು ನನಗೆ ಮನಸ್ಸಿಲ್ಲ.

ವಿರೋಧ: ಗಾರೆ ಮೇಸ್ತ್ರಿಯ ಮಗಳು, ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರ್

ಮೇಷ್ಟ್ರು ಕೊಟ್ಟ ಎರಡು ಉದಾಹರಣೆಗಳನ್ನೇ ನೋಡೋಣ. ಕೇರೆ ಗಾಂಡೊದಲ್ಲೇ ಹುಟ್ಟಿದವರು. ಹುನ್ನರಶಾಲಾ ಭುಜ್‌ನಲ್ಲೇ ಬೇರು ಬಿಟ್ಟಿತು. ಎರಡು ಶನಿವಾರ ಬಂದು ಹೋದವರ ಕಥೆ ಅವಲ್ಲ.

ನಮ್ಮೂರು ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಎಳೆಯುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ತಂಡ ನಮ್ಮ ಶಾಲೆಗೆ ಚೆಂದದ ಗ್ರಂಥಾಲಯ ಕೊಠಡಿ ಕಟ್ಟಿಸಿತು. ನನ್ನಪ್ಪ ಅಲ್ಲಿ ಮೇಸ್ತ್ರಿ. “ಎರೆ ಮಣ್ಣಿನಡಿಯ ಗಟ್ಟಿ ಗರಸು ಸಿಗೋವರೆಗೂ ಅಗೀಬೇಕು” ಎಂದರು. ನಕ್ಷೆಯಲ್ಲಿ ಪಾಯದ ಆಳ ಎರಡೂವರೆ ಅಡಿ ಇತ್ತು. ಓದಿದವರು ಎಂದು ಅಪ್ಪ ಸುಮ್ಮನಾದರು.

ಮರುವರ್ಷ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಸೀಮೆಸುಣ್ಣದ ಕಡ್ಡಿ ತೂರುವಷ್ಟು. ಫೋನ್ ಮಾಡಿದರೆ ತಂಡವೇ ಚದುರಿತ್ತು. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ವಿದೇಶದಲ್ಲಿ. ಇಲಾಖೆಗೆ ಹೋದರೆ, “ಈ ಕಟ್ಟಡ ನಮ್ಮ ಲೆಕ್ಕದಲ್ಲೇ ಇಲ್ಲವಲ್ಲಮ್ಮ, ರಿಪೇರಿಗೆ ಎಲ್ಲಿಂದ ದುಡ್ಡು ಹಾಕಲಿ?” ಎಂದರು. ಅವರ ಮಾತೂ ಸುಳ್ಳಲ್ಲ. ಕಾಂಟ್ರಾಕ್ಟರ್ ಕಟ್ಟಿದ್ದರೆ ಠೇವಣಿ ಹಿಡಿದಿಡಬಹುದಿತ್ತು. ಪುಕ್ಕಟೆ ಕೊಟ್ಟವರ ಕೊರಳಪಟ್ಟಿ ಹಿಡಿಯುವುದು ಹೇಗೆ?

ದೊಡ್ಡವರ ಪಾಡೂ ಇದೇ. ಆರ್ಕಿಟೆಕ್ಚರ್ ಫಾರ್ ಹ್ಯುಮಾನಿಟಿ ಎಂಬ ಅಮೆರಿಕದ ಸೇವಾ ಸಂಸ್ಥೆ 1999ರಲ್ಲಿ ಶುರುವಾಗಿ ಹಲವು ದೇಶಗಳಲ್ಲಿ ಕೆಲಸ ಮಾಡಿತು, 2015ರಲ್ಲಿ ದುಡ್ಡಿಲ್ಲದೆ ಬಾಗಿಲು ಮುಚ್ಚಿತು. 2009ರ ಉತ್ತರ ಕರ್ನಾಟಕದ ನೆರೆಯ ನಂತರ ಸರ್ಕಾರದ ‘ಆಸರೆ’ ಯೋಜನೆಯಲ್ಲಿ ದಾನಿಗಳೂ ಮನೆ ಕಟ್ಟಿಸಿದರು. ದನ ಕಟ್ಟಲು, ಹೊಟ್ಟು-ಮೇವು ಒಟ್ಟಲು ಜಾಗವಿಲ್ಲದ ಮನೆಗಳಿಗೆ ಎಷ್ಟೋ ಜನ ಹೋಗಲೇ ಇಲ್ಲ. ಕೊಡುವವರ ಮನಸ್ಸು ಒಳ್ಳೆಯದೇ ಇತ್ತು.

ಬೋರ್ಡು ಸರಿಸಿದ ಹುಡುಗಿಯ ಬಗ್ಗೆ ನನಗೆ ಗೌರವವಿದೆ. ನೋಡಿ ಹೇಳುವುದಕ್ಕೆ ಅಂಥವರು ಬರಲಿ. ಪಾಯ ತೋಡುವ ಕೆಲಸ ಮಾತ್ರ ಮೂರು ಮಳೆಗಾಲ ಜವಾಬ್ದಾರಿ ಹೊರುತ್ತೇವೆಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮುಂದೆ ಬರೆದುಕೊಡುವವರಿಗೆ ಇರಲಿ.

ಈಗಲೂ ಪ್ರತಿ ಮೇ ತಿಂಗಳಲ್ಲಿ ಅಪ್ಪ ಒಂದು ಬಾಂಡ್ಲಿ ಸಿಮೆಂಟ್ ಕಲಸಿಕೊಂಡು ಹೋಗಿ ಆ ಬಿರುಕು ಮುಚ್ಚಿ ಬರುತ್ತಾರೆ. ಕೂಲಿ ಕೇಳಿಲ್ಲ.