ಹೊಲದಲ್ಲಿ ನಿಧಾನ ಹೋಗುವ ಗಾಡಿ ಸ್ಟೇಷನ್ ರಸ್ತೆಯಲ್ಲಿ ಯಾಕೆ ಹಾರಬೇಕು?

ಇವತ್ತು ಮಧ್ಯಾಹ್ನ ಗೋಳಗುಮ್ಮಟದ ಮುಂದೆ ಕಂಡದ್ದನ್ನು ಬರೆಯದೆ ಮಲಗಲು ಆಗುತ್ತಿಲ್ಲ. ಉದ್ದ ಆಗುತ್ತದೆ. ಆದರೂ ಪೂರ್ತಿ ಓದಿ.

ಡಿಸೆಂಬರ್ ಅಂದರೆ ನಮ್ಮ ವಿಜಯಪುರಕ್ಕೆ ಶಾಲಾ ಟ್ರಿಪ್ಪಿನ ಬಸ್ಸುಗಳು ಬರುವ ಕಾಲ. ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಇವತ್ತೂ ಒಂದು ಬಸ್ಸು ಸ್ಟೇಷನ್ ರಸ್ತೆಯ ಆಚೆ ಬದಿ ನಿಂತಿತ್ತು. ಮೂರನೇ ನಾಲ್ಕನೇ ಇಯತ್ತೆಯ ಮಕ್ಕಳು. ಒಬ್ಬರ ಅಂಗಿ ಚುಂಗು ಇನ್ನೊಬ್ಬರು ಹಿಡಿದುಕೊಂಡು ಸಾಲಾಗಿ ರಸ್ತೆ ದಾಟುತ್ತಿದ್ದರು. ಮುಂದೆ ಒಬ್ಬ ಮಾಸ್ತರು, ಹಿಂದೆ ಒಬ್ಬ ಅಕ್ಕೋರು. ಆಟೊದವರು ನಿಂತರು. ಟಾಂಗಾದ ಅಜ್ಜ ಲಗಾಮು ಎಳೆದು ಕುದುರೆ ನಿಲ್ಲಿಸಿದ. ನಾನೂ ಬೈಕ್ ನಿಲ್ಲಿಸಿದೆ.

ಆಗ ಸ್ಟೇಷನ್ ಕಡೆಯಿಂದ ಆ ಗಾಡಿ ಬಂತು. ದೊಡ್ಡ ದೊಡ್ಡ ಹಲ್ಲಿನ ಟೈರು, ಮುಂದೆ ಉಕ್ಕಿನ ಪೈಪಿನ ಗಾರ್ಡು, ಮೇಲೆ ಸಾಲು ಲೈಟು. ಫೋರ್ ಬೈ ಫೋರ್ ಜೀಪು, ಅಂದರೆ ಬೇಕಾದಾಗ ನಾಲ್ಕೂ ಗಾಲಿಗೆ ಎಂಜಿನ್ ಬಲ ಹಾಕಿಕೊಳ್ಳುವ ಗಾಡಿ. ನಿಂತಿದ್ದ ಆಟೊಗಳ ಬಲಕ್ಕೆ ತಿರುಗಿಸಿ, ಹಾರ್ನ್ ಹಿಡಿದುಕೊಂಡೇ ನುಗ್ಗಿದ. ಅರವತ್ತಕ್ಕಿಂತ ಕಡಿಮೆ ಇರಲಿಲ್ಲ. ಇಪ್ಪತ್ತೈದು ವರ್ಷ ಗಾಡಿಗಳ ಜೊತೆಗೇ ಇದ್ದವನು ನಾನು, ಸದ್ದು ಕೇಳಿದರೆ ವೇಗ ಗೊತ್ತಾಗುತ್ತದೆ. ಮಕ್ಕಳ ಸಾಲು ನಡುವೆ ಹರಿದು ಎರಡಾಯಿತು. ಅಕ್ಕೋರು ಎರಡೂ ಕೈ ಅಗಲಿಸಿ ಹಿಂದಿನ ಮಕ್ಕಳನ್ನು ಎದೆಗೆ ತಡೆದುಕೊಂಡರು. ಗಾಡಿ ಅವರ ಮುಂದಿನಿಂದ ಹೋಯಿತು. ಒಂದು ಮೊಳ ದೂರ ಇತ್ತೋ ಇಲ್ಲವೋ. ಒಂದು ಹುಡುಗಿಯ ಚಪ್ಪಲಿ ರಸ್ತೆ ನಡುವೆ ಬಿದ್ದಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಅಕ್ಕೋರು ಗೇಟಿನ ಹತ್ತಿರ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಒಮ್ಮೆ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. ಮೂರನೇ ಸಲ ಎಣಿಸುವಾಗ ನನಗೆ ನೋಡಲು ಆಗಲಿಲ್ಲ.

ಗಾಡಿಯ ಹಿಂದೆ ಹೋದೆ. ಜಾಸ್ತಿ ದೂರ ಹೋಗಬೇಕಾಗಲಿಲ್ಲ. ಮುನ್ನೂರು ಮೀಟರ್ ಆಚೆ ಒಂದು ಚಹಾದಂಗಡಿ ಮುಂದೆ ನಿಲ್ಲಿಸಿದ್ದ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಕೆಟ್ಟವನ ಹಾಗೆ ಕಾಣಲಿಲ್ಲ. "ತಮ್ಮಾ, ಅಲ್ಲಿ ಕೂಸುಗಳು ದಾಟಾಕತ್ತಿದ್ದು, ನೋಡಲಿಲ್ಲೇನು?" ಅಂದೆ.

"ನೋಡೀನ್ರಿ ಕಾಕಾ. ಬ್ರೇಕ್ ಭಾಳ ಚಲೋ ಅದಾವ್ರಿ. ಫೋರ್ ಬೈ ಫೋರ್ ಐತಿ, ಎಲ್ಲಿ ಬೇಕಲ್ಲಿ ನಿಂದರತೈತಿ" ಅಂದ.

ಆ ಮಾತಿಗಾಗಿಯೇ ಈ ಬರಹ. ಯಾಕೆಂದರೆ ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜ ಅಂತಲೇ ನಂಬಿದ್ದ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಗಾಡಿ ಬಿಚ್ಚಿ ಜೋಡಿಸುವುದನ್ನು ಹುಡುಗರಿಗೆ ಕಲಿಸುತ್ತೇನೆ. ಇವನಂಥ ವಯಸ್ಸಿನವರಿಗೇ ಕಲಿಸುತ್ತೇನೆ. ಹಾಗಾಗಿ ಇಲ್ಲಿಯೂ ಹೇಳುತ್ತೇನೆ. ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವುದು ಎಳೆಯುವುದಕ್ಕೆ. ನಿಲ್ಲಿಸುವುದಕ್ಕೆ ಅಲ್ಲ. ಬ್ರೇಕು ಸಣ್ಣ ಕಾರಿಗೂ ನಾಲ್ಕೂ ಗಾಲಿಗೇ ಇರುತ್ತದೆ. ಇನ್ನೊಂದು ಮಾತು. ಥಾರ್, ಜಿಮ್ನಿ, ಗೂರ್ಖಾ ಇಂಥ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಲೇಬಾರದು. ಹಾಕಿದರೆ ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನ ಗಾಲಿ ಒಂದಕ್ಕೊಂದು ಜಗ್ಗಾಡಿ ಒಳಗಿನ ಗೇರು ಕೆಡುತ್ತದೆ. ಅಂದರೆ ಸ್ಟೇಷನ್ ರಸ್ತೆಯಲ್ಲಿ ಆ ಹುಡುಗ ನಂಬಿಕೊಂಡಿದ್ದ ಫೋರ್ ಬೈ ಫೋರ್ ಕೆಲಸವನ್ನೇ ಮಾಡುತ್ತಿರಲಿಲ್ಲ.

ಆ ಹಲ್ಲು ಹಲ್ಲಿನ ಟೈರು ಕೆಸರಿಗೆ ಮಾಡಿದ್ದು. ಹಲ್ಲುಗಳ ನಡುವೆ ಸಂದು ಇರುವುದರಿಂದ ಡಾಂಬರಿಗೆ ಅದರ ರಬ್ಬರು ತಾಗುವುದು ಕಡಿಮೆ. ಒದ್ದೆ ರಸ್ತೆಯಲ್ಲಂತೂ ರಸ್ತೆ ಟೈರಿಗಿಂತ ಮುಂದೆ ಹೋಗಿ ನಿಲ್ಲುತ್ತದೆ.

ನಲವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಮಗು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ ಇನ್ನೊಂದು 9 ಮೀಟರ್. ಒಟ್ಟು 20 ಮೀಟರಿಗೆ ನಿಲ್ಲುತ್ತದೆ. ಅರವತ್ತರಲ್ಲಿ ಮೊದಲ ಸೆಕೆಂಡಿಗೇ 17 ಮೀಟರ್ ಹೋಗುತ್ತದೆ, ಬ್ರೇಕ್ ಹಿಡಿದ ಮೇಲೆ ಮತ್ತೆ 20. ಒಟ್ಟು 37 ಮೀಟರ್. ಈಗ ಮಗು 20 ಮೀಟರ್ ದೂರದಲ್ಲಿ ನಿಂತಿದೆ ಅಂದುಕೊಳ್ಳಿ. ನಲವತ್ತರಲ್ಲಿ ಬಂದವನು ಮಗುವಿನ ಮುಂದೆ ನಿಂತಿರುತ್ತಾನೆ. ಅರವತ್ತರಲ್ಲಿ ಬಂದವನು ಅದೇ ಜಾಗಕ್ಕೆ ಮುಟ್ಟಿದಾಗ ಗಾಡಿ ಇನ್ನೂ 55ರ ಹತ್ತಿರ ಇರುತ್ತದೆ. ಬ್ರೇಕ್ ಹಿಡಿದೂ ಐವತ್ತೈದು! ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ನಮ್ಮ ಹುಡುಗರು ಪ್ರತಿ ವರ್ಷವೂ ಗಪ್ಪಾಗುತ್ತಾರೆ.

ಇದು ಎಲ್ಲಾ ಗಾಡಿಗೂ ಒಂದೇ ಲೆಕ್ಕ, ಜೀಪಿನ ಮೇಲೆ ಯಾಕೆ ಸಿಟ್ಟು ಅಂತ ಕೇಳಬಹುದು. ಗುದ್ದುವ ಮೂತಿ ಬೇರೆ, ಅದಕ್ಕೆ. ಸಣ್ಣ ಕಾರಿನ ಮೂತಿ ತಗ್ಗು, ಇಳಿಜಾರು. ಕಾಲಿಗೆ ಬಡಿದು ಮನುಷ್ಯ ಬಾನೆಟ್ ಮೇಲೆ ಬೀಳುತ್ತಾನೆ. ಇದರ ಮೂತಿ ಗೋಡೆಯ ಹಾಗೆ ನೆಟ್ಟಗೆ. ದೊಡ್ಡವರಿಗೆ ಹೊಟ್ಟೆ, ಎದೆಗೆ ಬಡಿಯುತ್ತದೆ. ಇವತ್ತು ದಾಟುತ್ತಿದ್ದ ಮಕ್ಕಳಿಗೆ ತಲೆಗೇ. ಬಿದ್ದವರು ಗಾಡಿಯ ಅಡಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿ ಹೇಳಿತು: ತಗ್ಗಾದ ಇಳಿಜಾರು ಮೂತಿಯ ಗಾಡಿಗಳಿಗೆ ಹೋಲಿಸಿದರೆ, 40 ಇಂಚಿಗಿಂತ ಎತ್ತರದ ಮೂತಿಯ ಗಾಡಿ ಗುದ್ದಿದಾಗ ನಡೆಯುವವರು ಸಾಯುವ ಸಾಧ್ಯತೆ ಸುಮಾರು 45 ಪ್ರತಿಶತ ಜಾಸ್ತಿ. ಅದರ ಮೇಲೆ ಉಕ್ಕಿನ ಗಾರ್ಡು ಬೇರೆ. ಆ ಗಾರ್ಡು ಕಾನೂನಿಗೆ ವಿರುದ್ಧ, ತೆಗೆಸಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಎಲ್ಲಾ ರಾಜ್ಯಗಳಿಗೆ ಬರೆದಿದೆ. ನಮ್ಮ ಊರಲ್ಲಿ ಇವತ್ತಿಗೂ ಹೊಸದಾಗಿ ಹಾಕಿಸಿಕೊಳ್ಳುತ್ತಿದ್ದಾರೆ.

ನಾನು ಜೀಪಿನ ವೈರಿ ಅಲ್ಲ. ನನ್ನ ಮನೆ ಮುಂದೆ ನಿಂತ ಹಳೆ ಜೀಪು ನೀವೆಲ್ಲ ನೋಡಿದ್ದೀರಿ, ಹಲವರು ಹತ್ತಿ ಕೂತಿದ್ದೀರಿ. ಅದಕ್ಕೇ ನನಗೆ ಇಷ್ಟು ಸಂಕಟ. ಡೋಣಿ ನದಿ ದಂಡೆಯ ಕರಿ ಮಣ್ಣಿನ ಎರಿ ಹೊಲ ನಮ್ಮದು. ಡೋಣಿ ಹರಿದರೆ ಓಣಿ ತುಂಬ ಕಾಳು ಅನ್ನುತ್ತಾರೆ, ನಿಜ. ಆದರೆ ಮಳೆ ಬಿದ್ದ ದಿನ ಆ ಮಣ್ಣಿನಲ್ಲಿ ಚಪ್ಪಲಿ ಹಾಕಿ ಹತ್ತು ಹೆಜ್ಜೆ ಇಡಲು ಆಗುವುದಿಲ್ಲ. ಕಾಲಿಗೆ ಎರಡು ಕಿಲೋ ಮಣ್ಣು ಅಂಟುತ್ತದೆ. ಅಂಥಲ್ಲಿ ಅಪ್ಪ ನನಗೆ ಜೀಪು ಕಲಿಸಿದರು. ಲೋ ಗೇರ್ ಹಾಕಿದರೆ ಗಾಲಿಗೆ ಹೋಗುವ ಬಲ ಹೆಚ್ಚುಕಡಿಮೆ ಎರಡೂವರೆ ಪಟ್ಟು ಆಗುತ್ತದೆ, ವೇಗ ಅಷ್ಟೇ ಪಟ್ಟು ಕಡಿಮೆ. ಪಕ್ಕದಲ್ಲಿ ನಡೆಯುವವರು ನಮ್ಮನ್ನು ಹಿಂದೆ ಹಾಕುತ್ತಿದ್ದರು. ನಾನು ಆತುರಕ್ಕೆ ಎಕ್ಸಲೇಟರ್ ಒತ್ತಿದರೆ ಗಾಲಿ ಸುಮ್ನೆ ಸುತ್ತಿ ಇನ್ನಷ್ಟು ಹೂತುಕೊಳ್ಳುತ್ತಿತ್ತು. "ಹಗೂರ ಬಿಡೋ ತಮ್ಮಾ, ಅದ ಏರತೈತಿ" ಅನ್ನುತ್ತಿದ್ದರು ಅಪ್ಪ. ನಿಧಾನ ಬಿಟ್ಟರೆ ನಿಜವಾಗಿಯೂ ಏರುತ್ತಿತ್ತು. ಒಡ್ಡು ದಾಟುತ್ತಿತ್ತು, ಹಳ್ಳ ದಾಟುತ್ತಿತ್ತು, ಆರು ಚೀಲ ಕಡಲೆ ಹೊತ್ತು ಮನೆಗೆ ಬರುತ್ತಿತ್ತು.

ಆ ಗಾಡಿ ಹುಟ್ಟಿದ್ದೇ ನಿಧಾನಕ್ಕೆ. ಅದರ ಎತ್ತರ, ಅದರ ಟೈರು, ಲೋ ಗೇರ್ ಹಾಕುವ ಅದರ ಇನ್ನೊಂದು ಕಡ್ಡಿ, ಎಲ್ಲವೂ ನಿಧಾನಕ್ಕಾಗಿ ಮಾಡಿದ್ದು. ಲಕ್ಷಗಟ್ಟಲೆ ಕೊಟ್ಟು ಅದನ್ನು ತಂದು, ಆ ಲೋ ಗೇರ್ ಒಮ್ಮೆಯೂ ಹಾಕದೆ, ಗಾಂಧಿ ಚೌಕದ ಸಂದಣಿಯಲ್ಲಿ ಓಡಿಸಿ ತಾಕತ್ತು ತೋರಿಸುವುದು ಯಾವ ತಾಕತ್ತು? ಆ ಹುಡುಗನನ್ನು ಕೇಳಿದೆ. ಲೋ ಗೇರ್ ಯಾವಾಗ ಹಾಕಿದ್ದೀ ಅಂತ. ಇನ್ನೂ ಹಾಕಿಲ್ಲವಂತೆ. ಗಾಡಿ ತಂದು ಹದಿನಾಲ್ಕು ತಿಂಗಳಾಗಿದೆ.

ಬೈಕಿನವರು ಇನ್ನೂ ಜೋರು ಹೋಗುತ್ತಾರೆ, ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಹಾಕಿ ಹಿಂದೆ ಲೈಟೇ ಇಲ್ಲದೆ ಹೋಗುತ್ತವೆ, ಅವರ ಬಗ್ಗೆ ಯಾಕೆ ಬರೆಯಲ್ಲ ಅನ್ನುವವರು ಇದ್ದಾರೆ. ಟ್ರ್ಯಾಕ್ಟರ್ ಬಗ್ಗೆ ಹೋದ ವರ್ಷ ಬರೆದಿದ್ದೇನೆ. ಬೈಕಿನ ಹುಡುಗ ಬಿದ್ದರೆ ಮೊದಲು ಅವನಿಗೇ ಪೆಟ್ಟು, ಆ ಹೆದರಿಕೆ ಅವನಿಗೆ ಸ್ವಲ್ಪವಾದರೂ ಇರುತ್ತದೆ. ಒಂದೂಮುಕ್ಕಾಲು ಟನ್ ಉಕ್ಕಿನೊಳಗೆ ಎತ್ತರದಲ್ಲಿ ಕೂತವನಿಗೆ ಆ ಹೆದರಿಕೆ ಇಲ್ಲ. ಎತ್ತರ ಕೂತಾಗ ನೆಲ ದೂರ ಇರುತ್ತದೆ, ಅರವತ್ತು ನಲವತ್ತರ ಹಾಗೆ ಅನ್ನಿಸುತ್ತದೆ. ನನಗೂ ಅನ್ನಿಸಿದೆ. ತಗ್ಗು ಬಂದರೂ ಗಾಡಿ ನುಂಗಿಕೊಂಡು ಹೋಗುತ್ತದೆ. ಊರಿನ ಕೆಟ್ಟ ರಸ್ತೆ ಬೇರೆ ಎಲ್ಲರ ವೇಗವನ್ನೂ ತಗ್ಗಿಸುತ್ತದೆ, ಇವರದನ್ನು ಮಾತ್ರ ತಗ್ಗಿಸುವುದಿಲ್ಲ.

ಕಾನೂನು 70ರವರೆಗೆ ಬಿಡುತ್ತದಲ್ಲ ಅಂತ ಒಬ್ಬ ಗೆಳೆಯ ಫೋನಿನಲ್ಲಿ ವಾದ ಮಾಡಿದ. ಹೌದು, ಊರೊಳಗೆ ಕಾರಿಗೆ 70 ಅಂತ ಕೇಂದ್ರದ 2018ರ ಅಧಿಸೂಚನೆಯಲ್ಲಿದೆ. ಅದು ಹೆಚ್ಚೆಂದರೆ ಅಷ್ಟು ಅನ್ನುವ ಮಾತು. ಮಕ್ಕಳು ದಾಟುತ್ತಿರುವಾಗ ಅಷ್ಟು ಹೋಗು ಅಂತ ಯಾವ ಕಾನೂನೂ ಹೇಳಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 71 ಸಾವು ಅತಿ ವೇಗದ ಲೆಕ್ಕಕ್ಕೇ ಸೇರಿವೆ, ಇದು ಸರ್ಕಾರದ್ದೇ ವರದಿ. ವೇಗದಿಂದ ಏನು ಉಳಿಯುತ್ತದೆ ಅದನ್ನೂ ನೋಡಿ. ಎರಡು ಕಿಲೋಮೀಟರಿಗೆ ನಲವತ್ತರಲ್ಲಿ ಮೂರು ನಿಮಿಷ, ಅರವತ್ತರಲ್ಲಿ ಎರಡು. ಒಂದು ನಿಮಿಷ. ಆ ಹುಡುಗ ಅದನ್ನು ಚಹಾದಂಗಡಿಯಲ್ಲಿ ಕಳೆದ.

ನನ್ನ ತಂಗಿಯ ಮಗಳು ಸೈಕಲ್ ಹೊಡೆಯುವುದು ನಿಮಗೆ ಗೊತ್ತು. ಈ ಜಿಲ್ಲೆ, ಪಕ್ಕದ ಬಾಗಲಕೋಟೆ ಜಿಲ್ಲೆ ಅಂದರೆ ಸೈಕಲ್ ಓಟಗಾರರ ನೆಲ ಅಲ್ವಾ? ನಸುಕಿನಲ್ಲಿ ಸೊಲ್ಲಾಪುರ ರಸ್ತೆಗೆ ಹೋದರೆ ಸಾಲುಸಾಲು ಹುಡುಗ ಹುಡುಗಿಯರು. ಅವರ ಟೈರು ನಮ್ಮ ಹೆಬ್ಬೆರಳಿನಷ್ಟು ದಪ್ಪ ಇದ್ದರೆ ಹೆಚ್ಚು. ಇಂಥ ಗಾಡಿ ನೂರರಲ್ಲಿ ಪಕ್ಕದಿಂದ ಹೋದರೆ, ತಾಗದೇ ಇದ್ದರೂ ಗಾಳಿಯೇ ಅವರನ್ನು ಮೊದಲು ಆಚೆ ದಬ್ಬುತ್ತದೆ, ಆಮೇಲೆ ಈಚೆ ಎಳೆಯುತ್ತದೆ. ಹೋದ ತಿಂಗಳು ಅವಳು ಹಾಗೆಯೇ ಬಿದ್ದು ಮೊಣಕೈ ತರಚಿಕೊಂಡು ಬಂದಳು. ಅವಳಿಗಾಗಿ ತಂಗಿ ಬೆಳಿಗ್ಗೆ ಐದರಿಂದ ಏಳರವರೆಗೆ ಬಾಗಿಲಲ್ಲೇ ಕೂತಿರುತ್ತಾಳೆ.

ತಂದೆತಾಯಿಗಳಿಗೂ ಒಂದು ಮಾತು. ಹತ್ತನೇ ಇಯತ್ತೆಯ ಹುಡುಗರ ಕೈಯಲ್ಲಿ ಈ ಗಾಡಿ ನೋಡಿದ್ದೇನೆ. 2019ರ ತಿದ್ದುಪಡಿ ಪ್ರಕಾರ ಹದಿನೆಂಟು ಆಗದವರು ಓಡಿಸಿ ಸಿಕ್ಕರೆ ತಂದೆಗೋ ಗಾಡಿ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗ ಕೇಳಿದ ಅಂತ ಕೀಲಿ ಕೊಡಬೇಡಿ. ಕೈ ಮುಗಿದು ಕೇಳುತ್ತೇನೆ.

ಈಗ ಬರೆಯಬೇಕಾದದ್ದು ಇನ್ನೊಂದು ಉಳಿದಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನನಗೂ ಇಪ್ಪತ್ಮೂರು ವಯಸ್ಸಿತ್ತು. ಅಪ್ಪನ ಜೀಪು, ಹಿಂದೆ ಮೂವರು ಗೆಳೆಯರು, ಮನಗೂಳಿ ರಸ್ತೆ, ಸಂಜೆ. ತಿರುವಿನಲ್ಲಿ ಎಪ್ಪತ್ತರ ಮೇಲೆ ಇದ್ದೆ. ಜೀಪಿನ ಭಾರ ಎಲ್ಲ ಮೇಲೆ, ಅಗಲ ಕಡಿಮೆ. ಒಮ್ಮೆ ಸ್ಟೇರಿಂಗ್ ಜಗ್ಗಿದೆ, ಒಳಗಿನ ಗಾಲಿ ಎದ್ದಿತು, ಮಗ್ಗುಲಿಗೆ ಬಿತ್ತು. ಒಬ್ಬ ಗೆಳೆಯನ ಭುಜದ ಎಲುಬು ಮುರಿಯಿತು. ಅವನ ಬಲಗೈ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಅವನು ಇದನ್ನು ಓದುತ್ತಾನೆ, ಲೈಕೂ ಒತ್ತುತ್ತಾನೆ, ಅಂಥ ಮನುಷ್ಯ.

ಎಲ್ಲರಿಗೂ ಎತ್ತು ಅಡ್ಡ ಬಂತು ಅಂತ ಹೇಳಿದೆ. ಎತ್ತು ಬಂದಿರಲಿಲ್ಲ. ರಸ್ತೆ ಖಾಲಿ ಇತ್ತು. ಗೆಳೆಯರೂ ನನ್ನ ಮಾತಿಗೆ ಹೂಂ ಅಂದರು. ಮೂಕ ಪ್ರಾಣಿ ಉಳಿಸಲು ಹೋಗಿ ಮಗ ಬಿದ್ದ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದರು. ಈಗಲೂ ಮನೆಗೆ ಬಂದವರಿಗೆ ಹೇಳುತ್ತಾರೆ.

ಚಹಾದಂಗಡಿಯ ಆ ಹುಡುಗನಿಗೆ ಇದನ್ನೇ ಹೇಳಿದೆ. ಗ್ಲಾಸು ಕೈಯಲ್ಲಿ ಹಿಡಿದು ಕೇಳಿದ, ಏನೂ ಅನ್ನಲಿಲ್ಲ. ಮುಂದಿನ ಮಳೆಗಾಲಕ್ಕೆ ನಮ್ಮ ಹೊಲಕ್ಕೆ ಬಾ, ಆ ಲೋ ಗೇರ್ ಹಾಕುವುದು ಕಲಿಸುತ್ತೇನೆ ಅಂದೆ. ನಂಬರ್ ಬರೆದುಕೊಂಡ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

ಅಪ್ಪ ಫೇಸ್‌ಬುಕ್ ನೋಡುವುದಿಲ್ಲ. ಊರಿನವರು ಯಾರಾದರೂ ಓದಿ ಹೇಳುವ ಮೊದಲು, ಈ ಭಾನುವಾರ ನಾನೇ ಹೋಗಿ ಅವರ ಮುಂದೆ ಕೂತು ಆ ಎತ್ತಿನ ವಿಷಯ ಹೇಳಬೇಕು. ದಯವಿಟ್ಟು ಅಲ್ಲಿಯವರೆಗೆ ಯಾರೂ ಫೋನ್ ಮಾಡಿ ಹೇಳಬೇಡಿ.