ಧಾಟಿಗೆ ಸಿಕ್ಕಿ ಬಳೆ ಬಾಳೆಯಾಗದಿರಲಿ

ಒಂದನೇ ತರಗತಿಗೆ ಹಾಡು ಬೇಕು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಇರೋದು, ಇಂಗ್ಲಿಷ್ ರೈಮ್ಸ್ ಧಾಟಿಗೆ ಕನ್ನಡ ಪದ ತುರುಕಿ ಪಾಠದ ಹಾಡು ಅಂತ ಹೇಳಿಕೊಡುವುದರ ಬಗ್ಗೆ. ಆ ಧಾಟಿಗಳಿಗೆ ನಮ್ಮ ಹ್ರಸ್ವ, ದೀರ್ಘದ ಲೆಕ್ಕ ಗೊತ್ತಿಲ್ಲ. ಎಳೆಯುವ ಸ್ವರ ‘ಬಳೆ’ಯ ಮೊದಲ ಅಕ್ಷರದ ಮೇಲೆ ಬಿದ್ದರೆ ಮಗುವಿನ ಬಾಯಲ್ಲಿ ಬರುವುದು ಬಾಳೆ. ಸಂಗೀತ ಕಛೇರಿಯಲ್ಲಿ ದೊಡ್ಡವರು ಅಕ್ಷರ ಎಳೆದರೆ ತೊಂದರೆಯಿಲ್ಲ, ಕೇಳುವವರಿಗೆ ಪದ ಮೊದಲೇ ಗೊತ್ತಿರುತ್ತೆ. ಈಗಷ್ಟೇ ಕಾಗುಣಿತ ಕಲಿಯುತ್ತಿರುವ ಮಗುವಿಗೆ ಕಿವಿಯೇ ಆಧಾರ. ಕಿವಿಗೆ ತಪ್ಪು ತುಂಬಿ, ಆಮೇಲೆ ಉಕ್ತಲೇಖನದಲ್ಲಿ ದೀರ್ಘ ತಪ್ಪಿತು ಅಂತ ಕೆಂಪು ಗೀಟು ಎಳೆಯುವುದು ಅನ್ಯಾಯ.

ಪಾಠದ ಹಾಡನ್ನು ಟೀಚರೇ ಕಟ್ಟಬೇಕು. ಅದಕ್ಕೆ ಕವಿಯಾಗಬೇಕಿಲ್ಲ, ಹೈಸ್ಕೂಲಿನಲ್ಲಿ ಕಲಿತ ಲಘು-ಗುರು ಸಾಕು. ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ, ಅದು ಲಘು. ಎರಡು ಮಾತ್ರೆ ಹಿಡಿಯುವುದು ಗುರು. ನಾಲ್ಕು ಮಾತ್ರೆಯ ಒಂದೊಂದು ಗುಂಪು, ಅಂದರೆ ಗಣ, ಸಾಲಿಗೆ ನಾಲ್ಕು ಗಣ. ಕೊನೆಯ ಗಣದಲ್ಲಿ ಒಂದು ಮಾತ್ರೆ ಖಾಲಿ ಬಿಟ್ಟರೆ ಮಕ್ಕಳು ಉಸಿರೆಳೆದುಕೊಳ್ಳುತ್ತಾರೆ. ಹೀಗೆ:

ಬಳೆಯನು | ತೊಟ್ಟಳು | ನಮ್ಮಯ | ಅಜ್ಜಿ
ಬಾಳೆಯ | ಬಿಸಿಬಿಸಿ | ಕೊಟ್ಟಳು | ಬಜ್ಜಿ

ಗಣಕ್ಕೊಂದು ಚಪ್ಪಾಳೆ. ‘ಬಳೆಯನು’ ನಾಲ್ಕು ಲಘು. ‘ಬಾಳೆಯ’ ಒಂದು ಗುರು, ಎರಡು ಲಘು. ಎರಡೂ ಒಂದೇ ಚಪ್ಪಾಳೆಯ ಅಳತೆಗೆ ಕೂರುತ್ತವೆ, ಆದರೆ ‘ಬಾ’ ಹೆಚ್ಚು ಹೊತ್ತು ತಗೊಳ್ಳುತ್ತೆ ಅನ್ನೋದು ಮಗುವಿಗೆ ವ್ಯಾಕರಣ ಹೇಳದೆಯೇ ಗೊತ್ತಾಗುತ್ತೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋದನ್ನು ಮರೆಯಬೇಡಿ. ಹಾಡು ಕಟ್ಟುವವರು ಹೆಚ್ಚಾಗಿ ಎಡವುವುದು ಅಲ್ಲೇ.

ಮೊದಲು ರಾಗ ಬೇಡ. ಚಪ್ಪಾಳೆ ಹಾಕುತ್ತಾ ಮಾತಿನಂತೆ ಹೇಳಿಕೊಡಿ. ಆಮೇಲೆ ‘ಅಜ್ಜಿ’, ‘ಬಜ್ಜಿ’ ಬರುವಲ್ಲಿ ನೀವು ಸುಮ್ಮನಾಗಿ, ಅವರು ತುಂಬಲಿ. ಮೋಹನ ರಾಗದ ಸ ರಿ ಗ ಪ ದ ಐದೇ ಸ್ವರ ಧಾರಾಳವಾಯ್ತು. ಒತ್ತೊತ್ತಾದ ಸ್ವರಗಳಿಲ್ಲದ್ದರಿಂದ ಒಂಚೂರು ಅಪಸ್ವರ ಬಂದರೂ ಕಿವಿಗೆ ಚುಚ್ಚುವುದಿಲ್ಲ. ಹಾರ್ಮೋನಿಯಂ ಇದ್ದರೆ ಷಡ್ಜವನ್ನು, ಅಂದರೆ ಸ ಸ್ವರವನ್ನು, ನಡು ಸಪ್ತಕದ ಎರಡನೇ ಬಿಳಿ ಮನೆಗೆ ಇಡಿ. ಪಂಚಮ, ಅಂದರೆ ಪ, ಆರನೇ ಬಿಳಿ ಮನೆಗೆ ಬರುತ್ತೆ. ಎಳೆ ಗಂಟಲಿಗೆ ಹಿತವಾದ ಜಾಗ ಅದು. ದ ಮುಟ್ಟಿದರೆ ಮುಟ್ಟಲಿ, ಮೇಲಿನ ಷಡ್ಜಕ್ಕೆ ಹತ್ತಿಸಬೇಡಿ. ಮೇಷ್ಟ್ರು ತಮಗೆ ಸರಿಹೊಂದುವ ಕೆಳಗಿನ ಶ್ರುತಿಯಲ್ಲಿ ಶುರು ಮಾಡಿದರೆ ಮಕ್ಕಳು ಗೊಣಗುತ್ತಾರೆ, ಇಲ್ಲವೇ ಕಿರುಚುತ್ತಾರೆ. ಅದು ಮಕ್ಕಳ ದೋಷವಲ್ಲ. ಅಭಿನಯವೂ ಮಿತಿಯಲ್ಲಿರಲಿ, ಪದಕ್ಕೊಂದು ಆಕ್ಷನ್ ಇಟ್ಟರೆ ಗಮನವೆಲ್ಲ ಕೈ ಮೇಲೆ, ಮಾತು ಎತ್ತಲೋ ಹೋಗುತ್ತೆ.

ಹಾಡು ಬಾಯಿಗೆ ಬಂದ ಮೇಲೆ ಅದನ್ನು ಮಕ್ಕಳ ಕೈಗೆ ಕೊಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿಯಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರಲ್ಲ, ಇದಕ್ಕೆ ಹೇಳಿ ಮಾಡಿಸಿದ ಜಾಗ ಅದು. ಮೂರನೆಯವರು ಹೊಸ ಪದ ಹುಡುಕಲಿ, ಒಂದನೆಯವರು ಚಪ್ಪಾಳೆ ಹಾಕಿ ಪರೀಕ್ಷೆ ಮಾಡಲಿ. ‘ಓಲೆಯ ತೊಟ್ಟಳು’, ‘ಸೀರೆಯ ಉಟ್ಟಳು’ ಸಲೀಸಾಗಿ ಕೂರುತ್ತವೆ. ‘ಕನ್ನಡಕ’ ಅಂದರೆ ಐದು ಮಾತ್ರೆ, ಚಪ್ಪಾಳೆ ತಪ್ಪುತ್ತೆ. ತಕ್ಷಣ ತಿದ್ದಬೇಡಿ, ಅವರೇ ಒದ್ದಾಡಲಿ. ‘ಚಸ್ಮವ ಹಾಕಿದ ನಮ್ಮಯ ಅಜ್ಜಿ’ ಅಂತ ಯಾರಾದರೂ ದಾರಿ ಹುಡುಕಿದರೆ, ಆ ಮಗು ಛಂದಸ್ಸಿನ ಹೆಸರೂ ಕೇಳದೆ ಛಂದಸ್ಸು ಕಲಿತಂತೆ.

ಇನ್ನೊಂದು ದೊಡ್ಡ ಮೋಸವಿದೆ. ಗೋಡೆ ಮೇಲಿನ ಚಾರ್ಟಿಗೆ ಬೆರಳಿಟ್ಟು ಮಗು ಗಡಗಡ ‘ಓದುತ್ತೆ’, ಅಪ್ಪ-ಅಮ್ಮನಿಗೆ ಖುಷಿಯೋ ಖುಷಿ. ಅದು ಓದಲ್ಲ, ಬಾಯಿಪಾಠ. ಗಣಕ್ಕೊಂದರಂತೆ ಎಂಟು ಕಾರ್ಡ್ ಮಾಡಿ, ‘ಬಳೆಯನು’ ಇರುವಲ್ಲಿ ಹೇಳದೆ ‘ಓಲೆಯ’ ಇಡಿ. ಮಗು ‘ಬಳೆಯನು’ ಅಂತಲೇ ಹಾಡಿದರೆ ಅಕ್ಷರ ನೋಡಿಲ್ಲ ಅಂತ ಲೆಕ್ಕ. ಆಗ ರಾಗ ನಿಲ್ಲಿಸಿ, ಕಾರ್ಡು ಕಲಸಿ ಕೈಗೆ ಕೊಟ್ಟು ಸಾಲು ಜೋಡಿಸಲು ಹೇಳಿ. ಒಂದೊಂದು ಕಾರ್ಡನ್ನೂ ಮುಟ್ಟಿ ನಿಧಾನಕ್ಕೆ ಓದಿದ ಮೇಲೆ ಮತ್ತೆ ಹಾಡಿಸಿ.